ಹಾಯಿ ತೊಳೆದ ಭಾನುವಾರ

ಟ್ಯಾಂಕರ್ ಬಂದಾಗ ಆರೂವರೆ.
ಲಿಂಗರಾಜಪುರದ ಮೂರನೇ ಅಡ್ಡರಸ್ತೆ ಇನ್ನೂ ಹಲ್ಲುಜ್ಜುತ್ತಿತ್ತು.
ಎರಡು ಡ್ರಮ್ಮು ಹಾಯಿಗೇ ಬೇಕು ಎಂದೆ.
ಕೆಳಮನೆಯ ಮೇಡಂ ಕೇಳಿದರು:
"ಹಾಯಿ ಅಂದ್ರೆ ಯಾರು? ನೆಂಟರಾ?"

ಬಟ್ಟೆ, ಮೇಡಂ.
ಮೂರು ಮೂಲೆಯ ಬಟ್ಟೆ, ನಾಲ್ಕು ಮೂಲೆಯ ತಾರಸಿ.
ಹೇಗೆ ಹಾಸಿದರೂ ಒಂದು ತುದಿ ಸಿಂಟೆಕ್ಸಿನ ಮೇಲೆ ಹತ್ತುತ್ತಿತ್ತು.
ಮಡಿಕೆ ಬಿಚ್ಚಿದಂತೆ ಉದುರಿದವು
ಯಾವುದೋ ಮೀನಿನ ಹುರುಪೆ,
ತನ್ಮಯಿಯ ಕೂದಲಿನ ಕ್ಲಿಪ್ಪು,
ಹೊನ್ನಾವರದ ಒಂದು ಬಸ್ ಟಿಕೆಟ್ಟು.
ಉಪ್ಪು ಮಾತ್ರ ಉದುರಲಿಲ್ಲ.
ಸಮುದ್ರ ಗಂಜಿ ಹಾಕಿ ಕೊಟ್ಟಿತ್ತು.

ಗಾಳಿ ಹಿಡಿಯಲು ಕಲಿತದ್ದು ಹಲಸೂರು ಕೆರೆಯಲ್ಲಿ.
ಅಲೋಶಿಯಸ್ ಅಂಕಲ್, ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು,
ವಾರಕ್ಕೊಮ್ಮೆ ನಮ್ಮನ್ನು ನೀರಿಗೆ ದಬ್ಬುತ್ತಿದ್ದರು.
"ಗುರುದ್ವಾರದ ಮೂಲೆಯಲ್ಲಿ ಗಾಳಿ ಸಾಯತ್ತೆ,
ಅಪಾರ್ಟ್‌ಮೆಂಟ್ ದಾಟಿದ ತಕ್ಷಣ ಕೆನ್ನೆಗೆ ಹೊಡೆಯತ್ತೆ.
ಇಲ್ಲಿ ಕಲಿತವರಿಗೆ ಸಮುದ್ರ ಸಲೀಸು."
ಸುಳ್ಳು.

ಕಾರವಾರದಿಂದ ತೆಂಕಕ್ಕೆ ಐದು ದಿನ, ಏಳು ಜನ.
ಎಡಗೈಗೆ ನಾಡು. ಬಲಗೈಗೆ ಏನೂ ಇಲ್ಲ.
ಬೆಳಿಗ್ಗೆ ನೆಲದ ಕಡೆಯ ಗಾಳಿ, ಆಕಳಿಸುತ್ತ;
ಮಧ್ಯಾಹ್ನ ವಾಯವ್ಯದ್ದು,
ಚಪ್ಪಲಿ ಬಿಡದೆ ಒಳಬರುವ ಬೀಗರ ಹಾಗೆ.
ಚುಕ್ಕಾಣಿ ಹಿಡಿದ ರಿಹಾನಾ ಎಲ್ಲರನ್ನೂ ಸರದಿಯಲ್ಲಿ ಬೈದಳು.
ಭಾವ ಅವಲಕ್ಕಿ ನೆನೆಸಲು ಹೋಗಿ
ಅದೇ ನೀರು ಹಾಕಿಬಿಟ್ಟರು;
ಉಪ್ಪು ಒಂಚೂರು ಮುಂದು ಅಂದಳು ತನ್ಮಯಿ.

ಚನ್ನಾಜಿ ಚಿಕ್ಕಮ್ಮ ಮೊದಲ ಸಂಜೆಯೇ ತದಡಿಯಲ್ಲಿ ಇಳಿದರು.
ಹೊಟ್ಟೆಯಲ್ಲಿದ್ದದ್ದು ಬೇಲೇಕೇರಿಯ ಹತ್ತಿರವೇ ಇಳಿದಾಗಿತ್ತು.
ಬಿಎಂಟಿಸಿಯಲ್ಲಿ ಇಪ್ಪತ್ತೊಂದು ವರ್ಷ ಟಿಕೆಟ್ ಹರಿದವರು:
"ನೀವು ನೀರಲ್ಲಿ ಬನ್ನಿ. ನಾನು ರೂಟಲ್ಲಿ ಬರ್ತೀನಿ."
ಆಮೇಲೆ ನಾವು ಯಾವ ಬಂದರು ಮುಟ್ಟಿದರೂ
ಅವರು ನಮಗಿಂತ ಮೊದಲು.
ಕೈಯಲ್ಲಿ ಕಿತ್ತಳೆ ಛತ್ರಿ, ಬಾಯಲ್ಲಿ ಹಳೇ ಸೀಟಿ,
ಒಂದು ಊದಿದರೆ ನಿಲ್ಲಿ, ಎರಡು ಊದಿದರೆ ರೈಟ್.
ಹೊನ್ನಾವರದ ಅಳಿವೆಯಲ್ಲಿ ಉಬ್ಬರಕ್ಕೆ ಕಾಯುತ್ತ
ಅಲೋಶಿಯಸ್ ಅಂಕಲ್ ಕೂಡ ಆ ಸೀಟಿಗೇ ಕಿವಿಯಿಟ್ಟರು.

ಭಟ್ಕಳ ದಾಟಿದ ಮೇಲೆ ಹಾಯಿ ಹರಿಯಿತು.
ಅಂಗಡಿಯವನು ಪಾಪ್ಲಿನ್ ಅಳೆದು
ಕತ್ತರಿಯ ಒಂದು ಗೀರು ಹಾಕಿ, ಉಳಿದದ್ದನ್ನು ಕೈಯಲ್ಲೇ ಸೀಳುತ್ತಾನಲ್ಲ,
ಆ ಸದ್ದು.
ಆಮೇಲೆ ಯಾರೂ ಮಾತಾಡಲಿಲ್ಲ.
ಎಡಗೈಯ ನಾಡು ಹತ್ತಿರವೇ ಇತ್ತು, ಬರುತ್ತಿರಲಿಲ್ಲ.
ಅಕ್ಕ ತನ್ಮಯಿಯ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದಳು,
ಬಿಗಿದದ್ದನ್ನೇ ಮತ್ತೆ ಬಿಗಿದಳು.
ಗಂಗೊಳ್ಳಿ ಸೇರುವಾಗ ದೀಪ ಹತ್ತಿತ್ತು.

ಏನಾಯ್ತು ಅಂತ ಚಿಕ್ಕಮ್ಮ ಕೇಳಲಿಲ್ಲ.
ಹರಕನ್ನು ಗೇಣಲ್ಲಿ ಅಳೆದರು,
ಛತ್ರಿಯ ಕಡ್ಡಿಗಳಿಂದ ಬಟ್ಟೆ ಬಿಡಿಸಿದರು,
ಕ್ಯಾಶ್ ಬ್ಯಾಗಿನಿಂದ ಸೂಜಿ ತೆಗೆದರು.
ಮರುದಿನ ಮಲ್ಪೆಯ ತನಕ
ಒಂದು ಛತ್ರಿಯಷ್ಟು ಗಾಳಿ ಅವರದು.

ದೋಣಿ ಮಲ್ಪೆಯಲ್ಲೇ ಉಳಿಯಿತು.
ಹಾಯಿ ಸೀಟಿನಡಿ ಮಲಗಿ ರೈಲಲ್ಲಿ ಘಾಟಿ ಹತ್ತಿತು.

ಈಗ ಇಲ್ಲಿ, ಮೂರು ಸಾವಿರ ಅಡಿ ಮೇಲೆ,
ಮೊದಲ ಬಕೆಟ್ಟಿನ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ: ಇತ್ತು.
ನಾಲ್ಕನೆಯದರಲ್ಲೂ ಇತ್ತು.
ಕರಿಬೇವಿನ ಕುಂಡಕ್ಕೆ ಹರಿಯದಂತೆ ಗೋಣಿಚೀಲ ಅಡ್ಡವಿಟ್ಟೆವು.
ಉಳಿದದ್ದು ಪೈಪಿನಲ್ಲಿ ಗುಳುಗುಳು ಇಳಿದು ಮೋರಿ ಸೇರಿತು,
ಬೆಂಗಳೂರಿಗೆ ಅಷ್ಟು ಸಮುದ್ರ.

ಮಧ್ಯಾಹ್ನ ಎರಡು ಕಟ್ಟಡಗಳ ಸಂದಿಯಿಂದ ಗಾಳಿ ಬಂತು.
ಆರು ಇಟ್ಟಿಗೆ ಹೇರಿದ್ದರೂ
ಒದ್ದೆ ಹಾಯಿ ಅರ್ಧ ಎದ್ದು ಕೂತಿತು.
ನನ್ನ ಬಲಗೈ ತಾನಾಗಿ ಹಗ್ಗ ಹುಡುಕಿತು.

ಕವುಚಿದ ಬಕೆಟ್ಟಿನ ಮೇಲೆ ಕೂತ ಚಿಕ್ಕಮ್ಮ
ಕಿತ್ತಳೆ ತೇಪೆಯನ್ನು ಉಗುರಿಂದ ಎಳೆದು ನೋಡಿದರು.
"ಇಲ್ಲೊಂದು ಹೊಲಿಗೆ ಬಿಟ್ಟಿದೆ.
ಮುಂದಿನ ಸಲ ಎಲ್ಲೀ ತನಕ?"
ಕಾಸರಗೋಡು, ಅಂದೆ.
"ಮಂಗಳೂರಲ್ಲಿ ಬಸ್ಸು ಬದಲಾಯಿಸಬೇಕು" ಅಂದರು,
ಹಲ್ಲಿನಲ್ಲಿ ದಾರ ಕಚ್ಚಿಕೊಂಡು.